ಯಜಮಾನರು ಟ್ರಿಪ್‌ಗೆ ಹೊರಟರೆ ನಿರಾಳ ಅನಿಸುತ್ತದೆ, ನಾನು ಕೆಟ್ಟವಳಾ?

ಪ್ರಶ್ನೆ: ನನಗೆ 37 ವರ್ಷ. ಕಾಡುಗೋಡಿಯಲ್ಲಿ ಬಾಡಿಗೆ ಮನೆ, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಯಜಮಾನರು ಗ್ಯಾಸ್ ಬುಲೆಟ್ ಟ್ಯಾಂಕರ್ ಓಡಿಸುತ್ತಾರೆ. ಮಂಗಳೂರಲ್ಲಿ ಲೋಡ್ ಮಾಡಿಕೊಂಡು ಇಲ್ಲೇ ಹತ್ತಿರದ ದೇವನಗೊಂದಿಗೋ ಬೇರೆ ಊರಿಗೋ ಹೋಗುತ್ತಾರೆ. ತಿಂಗಳಲ್ಲಿ ನಾಲ್ಕೈದು ದಿನ ಮನೆಯಲ್ಲಿದ್ದರೆ ಹೆಚ್ಚು. ಬಂದ ದಿನವೆಲ್ಲಾ ನಿದ್ದೆ, ಮರುದಿನದಿಂದ ತನಿಖೆ. ದುಡ್ಡು ಎಲ್ಲಿ ಹೋಯ್ತು, ಮಗ ಯಾಕೆ ಮೊಬೈಲ್ ಹಿಡಿದಿದ್ದಾನೆ, ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿದ್ಯಾ ಅಂತ. ಮಗ ಒಂಬತ್ತನೇ ಕ್ಲಾಸು. ಅಪ್ಪ ಬಂದರೆ ಫ್ರೆಂಡ್ ಮನೆಗೆ ಹೋಗಿಬಿಡುತ್ತಾನೆ. ಅವರು ಹೊರಟ ಮೇಲೆ ಇಬ್ಬರಿಗೂ ನಿರಾಳ. ಆದರೆ ಶಿರಾಡಿ ಘಾಟಿಯಲ್ಲಿ ಮಳೆ ಅಂತ ಟಿವಿಯಲ್ಲಿ ಬಂದರೆ ರಾತ್ರಿಯೆಲ್ಲಾ ನನಗೆ ನಿದ್ದೆ ಇರಲ್ಲ. ಈಗ ಅವರು, "ಲೈನ್ ಬಿಟ್ಟುಬಿಡ್ತೀನಿ, ಇಲ್ಲೇ ನೀರಿನ ಟ್ಯಾಂಕರ್ ಓಡಿಸ್ಕೊಂಡು ದಿನಾ ಮನೆಗೆ ಬರ್ತೀನಿ" ಅನ್ನುತ್ತಿದ್ದಾರೆ. ಬಾಟಾ (ಟ್ರಿಪ್ ಭತ್ಯೆ) ಸೇರಿ 36 ಸಾವಿರ ಬರುತ್ತಿದ್ದದ್ದು 22 ಸಾವಿರ ಆಗುತ್ತದೆ. ದುಡ್ಡು ಸಾಲಲ್ಲ ಅಂತ ಹೇಳಿದ್ದೇನೆ. ನಿಜವಾದ ಭಯ ಅದಲ್ಲ. ದಿನಾ ಮನೆಯಲ್ಲಿರುತ್ತಾರಲ್ಲ ಅನ್ನೋದೇ ಭಯ. ಅವರು ಕುಡಿಯುವವರಲ್ಲ, ಕೈ ಎತ್ತಿದವರೂ ಅಲ್ಲ. ಅತ್ತೆಗೆ ಇದನ್ನು ಹೇಳಲಾ, ಬೇಡವಾ? ನಾನು ಕೆಟ್ಟವಳಾ?

ಉತ್ತರ: ಕೆಟ್ಟವರಲ್ಲ. ತಿಂಗಳಿಗೆ ಇಪ್ಪತ್ತೈದು ದಿನ ಒಬ್ಬರೇ ಸಂಸಾರ ತೂಗಿಸುವವರಿಗೆ ಹೀಗೆ ಅನಿಸದಿದ್ದರೇ ಆಶ್ಚರ್ಯ. ನೀರು ಬರುವ ಹೊತ್ತು, ಸ್ಕೂಲ್ ಫೀಸು, ಅತ್ತೆಯ ಮಾತ್ರೆ, ಚೀಟಿ ಕಂತು ಎಲ್ಲಕ್ಕೂ ನೀವೊಂದು ಕ್ರಮ ಮಾಡಿಕೊಂಡಿದ್ದೀರಿ. ಅದು ಸುಲಭಕ್ಕೆ ಆದದ್ದಲ್ಲ. ಅದರೊಳಗೆ ಯಾರೇ ಆಗಲಿ ಆಗೊಮ್ಮೆ ಈಗೊಮ್ಮೆ ಬಂದು ಕೈ ಹಾಕಿದರೆ ಕಿರಿಕಿರಿ ಆಗಿಯೇ ಆಗುತ್ತದೆ. ಮಳೆ ಸುದ್ದಿ ಕೇಳಿ ರಾತ್ರಿ ನಿದ್ದೆಗೆಡುವವರೂ ನೀವೇ ತಾನೇ? ಎರಡೂ ನಿಜ, ಎರಡೂ ಒಟ್ಟಿಗೇ ಇರಬಹುದು. ಅವರು ಕೈ ಎತ್ತುವವರಾಗಿದ್ದರೆ ನಾನು ಬೇರೆಯೇ ಉತ್ತರ ಬರೆಯುತ್ತಿದ್ದೆ.

ಆದರೆ ಅವರು ಬೇಕೆಂದೇ ತನಿಖೆ ಮಾಡುತ್ತಾರೆ ಅಂದುಕೊಂಡಿದ್ದರೆ, ಅದನ್ನು ನಾನು ಒಪ್ಪುವುದಿಲ್ಲ. ಆ ರೆಗ್ಯುಲೇಟರ್ ಜಗಳವನ್ನೇ ತೆಗೆದುಕೊಳ್ಳಿ. ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲೇ.

ನಿಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಇರುವುದು 14.2 ಕಿಲೋ ಗ್ಯಾಸು. ಅವರ ಬೆನ್ನ ಹಿಂದೆ ಇರುವುದು 17–18 ಟನ್. ಬಿಸಿಲಿಗೆ ಹಿಗ್ಗಲು ಜಾಗ ಬೇಕೆಂದು ಟ್ಯಾಂಕನ್ನು ಪೂರ್ತಿ ತುಂಬುವುದಿಲ್ಲ. ಹಾಗಾಗಿ ಘಾಟಿಯ ತಿರುವಿನಲ್ಲಿ ಒಳಗಿರುವ ದ್ರವ ಒಂದು ಪಕ್ಕಕ್ಕೆ ನುಗ್ಗುತ್ತದೆ, ದಿಢೀರ್ ಬ್ರೇಕ್ ಹಾಕಿದರೆ ಗಾಡಿಯನ್ನು ಮುಂದಕ್ಕೆ ದೂಡುತ್ತದೆ. ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ 2013ರ ಏಪ್ರಿಲ್‌ನಲ್ಲಿ ಇಂಥದ್ದೇ ಒಂದು ಬುಲೆಟ್ ಟ್ಯಾಂಕರ್ ಮಗುಚಿ, ಗ್ಯಾಸ್ ಸೋರಿ ಬೆಂಕಿ ಹತ್ತಿ, ರಸ್ತೆ ಪಕ್ಕದ ಮನೆಗಳವರೂ ಸತ್ತರು. ಮಂಗಳೂರಿಂದ ಘಾಟಿ ಹತ್ತುವಾಗಲೆಲ್ಲ ಅವರು ಆ ಪೆರ್ನೆ ದಾಟಿಯೇ ಬರಬೇಕು. ವಾಲ್ವ್ ನೋಡು, ಟೈರ್ ತಟ್ಟಿ ನೋಡು, ಮತ್ತೊಮ್ಮೆ ನೋಡು. ಅದೇ ಅವರ ಕೆಲಸ, ಅದೇ ಅವರ ಜೀವ ಕಾಯುವುದು. ಮನೆಗೆ ಬಂದ ತಕ್ಷಣ ಆ ಅಭ್ಯಾಸವನ್ನು ಚಪ್ಪಲಿ ಬಿಟ್ಟ ಹಾಗೆ ಬಾಗಿಲಲ್ಲೇ ಬಿಡು ಅಂದರೆ ಆಗುತ್ತದಾ? ನೀವು ಆಫ್ ಮಾಡಿದ ರೆಗ್ಯುಲೇಟರನ್ನು ಅವರು ಎದ್ದು ಹೋಗಿ ಮತ್ತೆ ತಿರುಗಿಸಿ ನೋಡುವುದು ನಿಮ್ಮ ಮೇಲಿನ ಅಪನಂಬಿಕೆಯಿಂದಲ್ಲ. ರಾತ್ರಿ ಅದನ್ನು ಆಫ್ ಮಾಡುವ ಕೆಲಸವನ್ನೇ ಅವರಿಗೆ ಬಿಟ್ಟುಕೊಡಿ. ಜಗಳ ಅಲ್ಲಿಗೆ ಮುಗಿಯಿತು.

ಬಂದ ದಿನದ ನಿದ್ದೆಯೂ ಹಾಗೇ. ಮಂಗಳೂರು ಬೆಂಗಳೂರಿಂದ ಸುಮಾರು 350 ಕಿಲೋಮೀಟರ್ ಅಷ್ಟೇ, ಆದರೆ ಆಯಾಸ ಓಡಿಸುವುದಕ್ಕಿಂತ ಕಾಯುವುದರಲ್ಲೇ ಜಾಸ್ತಿ. ಲೋಡಿಗೆ ಪಾಳಿ, ಅನ್‌ಲೋಡಿಗೆ ಪಾಳಿ, ಮಳೆಗಾಲದಲ್ಲಿ ಘಾಟಿ ಬಂದ್. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲುವಿನಲ್ಲಿ ಗುಡ್ಡ ಕುಸಿದಾಗ ಗಾಡಿಗಳು ಸಾಲುಗಟ್ಟಿ ನಿಂತದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಹಾಗೆ ಕಾದು ನಿಂತ ದಿನಕ್ಕೆ ಎಷ್ಟೋ ಕಡೆ ಬಾಟಾ ಇಲ್ಲ, ಬಾಟಾ ಟ್ರಿಪ್ಪಿಗೆ ಮಾತ್ರ. ಪ್ಲಾಂಟ್ ಒಳಗೆ ಮೊಬೈಲ್ ಬಿಡುವುದಿಲ್ಲ, ಗೇಟಿನಲ್ಲೇ ಕೊಟ್ಟು ಹೋಗಬೇಕು. (ಫೋನ್ ಗಂಟೆಗಟ್ಟಲೆ ಸ್ವಿಚ್ ಆಫ್ ಬಂತು ಅಂತ ಎಷ್ಟು ಮನೆಗಳಲ್ಲಿ ಸುಮ್ನೆ ಜಗಳ ಆಗಿದೆಯೋ!) ಗಾಡಿಯಲ್ಲಿ ಟ್ರ್ಯಾಕಿಂಗ್ ಇರುತ್ತದೆ, ಹೇಳಿದ ದಾರಿ ಬಿಟ್ಟು ಮನೆ ಕಡೆ ತಿರುಗಿಸಿದರೆ ಕಂಪನಿಗೆ ಗೊತ್ತಾಗುತ್ತದೆ. ಹಾಗಾಗಿ ಮನೆ ಹತ್ತಿರವೇ ಹಾದುಹೋದರೂ ಒಂದು ಲೋಟ ಕಾಫಿಗೆ ಬರಲಾಗುವುದಿಲ್ಲ. ದೇವನಗೊಂದಿಯಿಂದ ನಿಮ್ಮ ಮನೆ ಎಷ್ಟು ದೂರ ಹೇಳಿ?

ಬಂದ ಮೊದಲ ದಿನವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಅವರು ಮಲಗಲಿ, ನೀವು ನಿಮ್ಮ ಪಾಡಿಗೆ ಕೆಲಸಕ್ಕೆ ಹೋಗಿ. ಅವರು ಬಂದರೆಂದು ಗಾರ್ಮೆಂಟ್ಸಿಗೆ ರಜೆ ಹಾಕಿ, ಕೋಳಿ ಸಾರು ಮಾಡಿ, ಅವರು ಏಳಲಿಲ್ಲವೆಂದು ಸಂಜೆ ಸಿಟ್ಟಾಗುವುದು ಬೇಡ. ಲೆಕ್ಕದ ಮಾತಿಗೆ ಒಂದು ಹೊತ್ತು ಗೊತ್ತು ಮಾಡಿ. ಎರಡನೇ ದಿನ ಊಟ ಆದ ಮೇಲೆ ನೀವೇ ಡೈರಿ ತೆಗೆದು ಮುಂದಿಡಿ. ಕೇಳುವ ಮೊದಲೇ ತೋರಿಸಿದರೆ ಅದು ತನಿಖೆ ಆಗುವುದಿಲ್ಲ.

ಮಗನ ವಿಷಯದಲ್ಲಿ ಮಾತ್ರ ತಪ್ಪು ಯಜಮಾನರದ್ದೇ, ಅದನ್ನು ಅವರಿಗೆ ಹೇಳಲೇಬೇಕು. ಮೂರು ವಾರ ಕಾಣದ ಅಪ್ಪ ಬಂದ ಕೂಡಲೇ ಮಾರ್ಕ್ಸ್ ಕಾರ್ಡ್ ಕೇಳಿದರೆ ಯಾವ ಹುಡುಗ ಎದುರಿಗೆ ನಿಲ್ಲುತ್ತಾನೆ? ಓದಿನ ಜವಾಬ್ದಾರಿ ನಿಮಗಿರಲಿ, ಅಪ್ಪನಿಗೆ ಬೇರೆ ಏನಾದರೂ ಇರಲಿ. ಸೈಕಲ್ ಚೈನ್ ಸರಿ ಮಾಡುವುದು, ಕೂದಲು ಕತ್ತರಿಸಲು ಕರೆದುಕೊಂಡು ಹೋಗುವುದು, ಅಷ್ಟು ಸಾಕು. ಹುಡುಗನಿಗೆ ಘಾಟಿ ಕಥೆ ಕೇಳುವ ಆಸೆ ಇದ್ದೇ ಇರುತ್ತದೆ. ಯಾರೂ ಹೇಳಿಲ್ಲ ಅಷ್ಟೇ.

ಇನ್ನು ಲೈನ್ ಬಿಡುವ ಮಾತು. ಅವರು ದಣಿದಿದ್ದಾರೆ. ದುಡ್ಡಿನ ನೆಪ ಹೇಳಿ ಅವರನ್ನು ರಸ್ತೆಯಲ್ಲೇ ಇರಿಸಬೇಡಿ. ಹಾಗಂತ ನೀರಿನ ಟ್ಯಾಂಕರಿಗೂ ತಕ್ಷಣ ಹೂಂ ಅನ್ನಬೇಡಿ. ನಿಮ್ಮ ಕಡೆ, ವೈಟ್‌ಫೀಲ್ಡ್, ಮಹದೇವಪುರದಲ್ಲಿ, ಬೇಸಿಗೆ ಬಂದರೆ ಆ ಕೆಲಸಕ್ಕೆ ಹೊತ್ತು ಗೊತ್ತು ಇರುವುದಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರುಗಳು ಹಗಲು ರಾತ್ರಿ ಓಡಿದವು, ದರ ಏರಿ ಕೊನೆಗೆ ಸರ್ಕಾರವೇ ದರ ಗೊತ್ತು ಮಾಡಬೇಕಾಯಿತು. ಮಳೆ ಬಂದರೆ ಟ್ರಿಪ್ ಕಮ್ಮಿ. "ದಿನಾ ಮನೆಗೆ ಬರ್ತೀನಿ" ಅನ್ನುವ ಮಾತು ಎಷ್ಟು ನಿಜ ಅಂತ ಮೊದಲು ಆ ಓನರ್ ಹತ್ತಿರ ಕೇಳಿಸಿ. ಬೆಳಿಗ್ಗೆ ಎಷ್ಟಕ್ಕೆ ಶುರು, ಭಾನುವಾರ ರಜೆ ಇದೆಯಾ, ಮಳೆಗಾಲದಲ್ಲಿ ಸಂಬಳ ಎಷ್ಟು?

ಅದಕ್ಕಿಂತ ಒಳ್ಳೆಯ ದಾರಿ ನಿಮ್ಮ ಮನೆ ಹತ್ತಿರವೇ ಇದೆ. ದೇವನಗೊಂದಿಯ ಟರ್ಮಿನಲ್‌ನಿಂದ ದಿನಾ ಪೆಟ್ರೋಲ್, ಡೀಸೆಲ್ ಟ್ಯಾಂಕರುಗಳು ಬೆಂಗಳೂರಿನ ಬಂಕುಗಳಿಗೆ ಹೊರಡುತ್ತವೆ. ಹತ್ತಿರದ ಬಂಕಿನ ಲೋಡ್ ಸಿಕ್ಕರೆ ರಾತ್ರಿ ಮನೆ ಸೇರಬಹುದು. ಅಪಾಯಕಾರಿ ಸರಕು ಸಾಗಿಸಲು ಅವರ ಲೈಸೆನ್ಸಿನಲ್ಲಿ ಆಗಲೇ ಇರುವ ಅನುಮತಿ ಇದಕ್ಕೂ ನಡೆಯುತ್ತದೆ. ನೀರಿನ ಟ್ಯಾಂಕರಿಗೆ ಹೋದರೆ ಆ ಅನುಮತಿಗೆ ಅಲ್ಲಿ ಬೆಲೆಯೇ ಇಲ್ಲ. ಏನೇ ತೀರ್ಮಾನ ಆಗಲಿ, ಅದನ್ನು ಮಾತ್ರ ರದ್ದಾಗಲು ಬಿಡಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅದಕ್ಕೆ ಮೂರು ವರ್ಷ ಅವಧಿ, ನವೀಕರಣಕ್ಕೆ ಒಂದು ದಿನದ ತರಬೇತಿ. ತಾರೀಕನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಅವರ ಹೆಸರು ನೋಂದಣಿ ಆಗಿದೆಯಾ ಅಂತಲೂ ಕೇಳಿ. ಎಷ್ಟೋ ಡ್ರೈವರುಗಳು ಅದನ್ನು ಮಾಡಿಸಿಕೊಂಡೇ ಇರುವುದಿಲ್ಲ.

ಹೊಸ ಕೆಲಸ ಸಿಗುವವರೆಗೆ ಈಗಿನ ಓನರ್ ಹತ್ತಿರ ಒಂದು ಮಾತು ಆಡಲಿ. "ರಜೆ ಬೇಕು" ಅಂದರೆ "ನೋಡೋಣ" ಅನ್ನುತ್ತಾರೆ. "ಪ್ರತಿ ತಿಂಗಳು ಎರಡನೇ ಶನಿವಾರ, ಭಾನುವಾರ ನನಗೆ ಗಾಡಿ ಹಾಕಬೇಡಿ" ಅಂತ ದಿನ ಹೆಸರಿಸಿಯೇ ಕೇಳಬೇಕು. ಡ್ರೈವರಿಗೆ ವಾರಕ್ಕೊಂದು ದಿನ ರಜೆ ಕೊಡಬೇಕೆಂದು 1961ರಲ್ಲೇ ಕಾನೂನು ಬಂದಿತ್ತು. ರಸ್ತೆಯಲ್ಲಿ ಅದು ನಡೆದದ್ದು ಅಪರೂಪ, ಬಿಡಿ. ಆದರೆ ಅನುಭವವಿರುವ ಬುಲೆಟ್ ಡ್ರೈವರನ್ನು ಎರಡು ದಿನದ ರಜೆಗಾಗಿ ಕಳೆದುಕೊಳ್ಳಲು ಓನರಿಗೂ ಮನಸ್ಸಿರುವುದಿಲ್ಲ. ಹಬ್ಬದ ಹತ್ತಿರ ಕೇಳಬೇಡಿ, ಆಗ ಗ್ಯಾಸಿಗೆ ಬೇಡಿಕೆ ಜಾಸ್ತಿ.

"ನೀವು ಹೋದರೆ ನಿರಾಳ" ಅನ್ನುವ ಮಾತನ್ನು ಅವರ ಎದುರು ಆಡಬೇಡಿ. ಎಲ್ಲ ನಿಜವನ್ನೂ ಬಾಯಿಬಿಟ್ಟು ಹೇಳಿಬಿಡಬೇಕು ಅನ್ನುವವರಲ್ಲಿ ನಾನಿಲ್ಲ. ರಾತ್ರಿಯಿಡೀ ಸ್ಟೀರಿಂಗ್ ಹಿಡಿಯುವವರ ತಲೆಯಲ್ಲಿ ಆ ಮಾತು ಕೊರೆಯುತ್ತಲೇ ಇರುತ್ತದೆ. "ನೀವು ದಿನಾ ಬರುವುದಾದರೆ ಮನೆ ಕೆಲಸ ಹೇಗೆ ಹಂಚಿಕೊಳ್ಳೋಣ, ಮಗನ ಹತ್ತಿರ ಹೇಗೆ ಮಾತಾಡ್ತೀರಿ, ಅದನ್ನು ಮೊದಲು ಮಾತಾಡೋಣ" ಅನ್ನಿ. ನಿಮ್ಮ ಭಯ ಪೂರ್ತಿಯಾಗಿ ಅದರೊಳಗೇ ಇದೆ. ಇದನ್ನು ಫೋನಿನಲ್ಲಿ ಬೇಡ, ಹೊರಡುವ ರಾತ್ರಿಯೂ ಬೇಡ.

ಅತ್ತೆಗೆ? ಹೇಳುವ ಅಗತ್ಯವೇ ಇಲ್ಲ. ಮಗ ದಿನಾ ಮನೆಗೆ ಬರುತ್ತಾನೆ ಅಂದರೆ ಅವರಿಗೆ ಸಂತೋಷ, ಸಂಬಳ ಕಡಿಮೆ ಅಂದರೆ ಸಂಕಟ. ಅವರಿಗೆ ಹೇಳಬೇಕಾದ್ದು ಆ ಎರಡನೆಯದು ಮಾತ್ರ, ಅದೂ ನೀವಿಬ್ಬರೂ ತೀರ್ಮಾನ ಮಾಡಿಕೊಂಡ ಮೇಲೆ.