ಕೆಲಸ ಬಿಟ್ಟು ಜಾಝ್‌ಗೆ ಇಳಿಯಬಹುದಾ?

ಕೆಲಸ ಬಿಟ್ಟು ಪೂರ್ತಿ ಸ್ಯಾಕ್ಸೋಫೋನ್ ಹಿಡಿಯಲಾ, ಜಾಝ್‌ನ ದೊಡ್ಡ ಕಲಾವಿದರೂ ಕಷ್ಟಪಟ್ಟಿದ್ದಾರಾ ಅಂತ ಕೇಳಿದ್ದೀರಿ. ಪಟ್ಟಿದ್ದಾರೆ, ಚೆನ್ನಾಗಿಯೇ ಪಟ್ಟಿದ್ದಾರೆ. ಪಿಯಾನೋ ವಾದಕ ಥೆಲೋನಿಯಸ್ ಮಾಂಕ್ ಅವರನ್ನೇ ನೋಡಿ. ಆಗ ನ್ಯೂಯಾರ್ಕ್‌ನ ಕ್ಲಬ್‌ಗಳಲ್ಲಿ ನುಡಿಸಲು ಪೊಲೀಸರು ಕೊಡುವ ಪರವಾನಗಿ ಬೇಕಿತ್ತು. 1951ರಲ್ಲಿ ಅವರದನ್ನು ಕಿತ್ತುಕೊಂಡರು. ಸುಮಾರು ಆರು ವರ್ಷ ಸ್ವಂತ ಊರಿನ ಕ್ಲಬ್‌ಗಳಲ್ಲೇ ನುಡಿಸುವಂತಿರಲಿಲ್ಲ. ಹೆಂಡತಿ ನೆಲ್ಲಿ ದುಡಿದು ಮನೆ ನಡೆಸಿದರು. ಈ ಭಾಗವನ್ನು ಯಾರೂ ಜಾಸ್ತಿ ಹೇಳಲ್ಲ, ಅಲ್ವಾ? 1957ರಲ್ಲಿ ಪರವಾನಗಿ ವಾಪಸ್ ಸಿಕ್ಕಿತು. ಆಮೇಲೆ ಫೈವ್ ಸ್ಪಾಟ್ ಕ್ಲಬ್‌ನಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ತಿಂಗಳುಗಟ್ಟಲೆ ನುಡಿಸಿದರು.

ಇನ್ನು ಇದರಲ್ಲಿರುವ ಖುಷಿ. ಸೋಲೋ, ಅಂದರೆ ನೀವೊಬ್ಬರೇ ಮುಂದೆ ನಿಂತು ನುಡಿಸುವ ಸರದಿಯ ನಡುವೆ ನಿಮ್ಮ ಬೆರಳು ಜಾರಿ ಬೇರೆ ಸ್ವರ ಬರುತ್ತೆ. ಪಿಯಾನೋದವರು ತಟ್ಟನೆ ಅದಕ್ಕೆ ಹೊಂದುವ ಸ್ವರಗಳನ್ನು ಕೆಳಗೆ ಹಾಸುತ್ತಾರೆ. ತಪ್ಪು ತಪ್ಪಾಗಿ ಉಳಿಯುವುದೇ ಇಲ್ಲ. ಡ್ರಮ್ಸ್‌ನವರು ನಿಮ್ಮತ್ತ ನೋಡಿ ನಗುತ್ತಾರೆ. ಸಂಬಳದ ಕೆಲಸದಲ್ಲಿ ಇದು ಸಿಗಲ್ಲ ಬಿಡಿ.

ಆದರೂ ಸುಮ್ನೆ ದುಡುಕಬೇಡಿ. ಮೊದಲು ವಾರದ ಕೊನೆಯ ರಾತ್ರಿಗಳಲ್ಲಿ ನುಡಿಸಿ, ಒಂದಿಬ್ಬರಿಗೆ ಪಾಠ ಹೇಳಿಕೊಡಿ. ಎಷ್ಟೋ ಜಾಝ್ ಕಲಾವಿದರ ಬಾಡಿಗೆ ಕಟ್ಟುವುದು ಪಾಠದ ದುಡ್ಡೇ. ಮನೆಯವರ ಜೊತೆಗೂ ಕೂತು ಮಾತಾಡಿ. ನೀವು ಮಲಗುವ ಹೊತ್ತಿಗೆ ಅವರು ಏಳುತ್ತಿರುತ್ತಾರೆ.