ಚಳ್ಳಕೆರೆಯ ಬಿಸಿಲು, ಆಗುಂಬೆಯ ನೀರು

ಪ್ರಶ್ನೆ: ನಮ್ಮದು ಆಗುಂಬೆ ಹತ್ತಿರ ಅಡಿಕೆ ತೋಟದ ಮನೆ. ಚಳ್ಳಕೆರೆಯ ನಮ್ಮ ಭಾವ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದಾರೆ. ನಮಗೂ ಅಷ್ಟೇ ಕರೆಂಟ್ ಸಿಗುತ್ತಾ? ಮಳೆಗಾಲದಲ್ಲಿ ಇಲ್ಲಿ ಇಷ್ಟು ಗಾಳಿ ಇದೆಯಲ್ಲ, ಗಾಳಿಯಂತ್ರ ಯಾಕೆ ಹಾಕಲ್ಲ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನಿಮ್ಮ ಪ್ಯಾನೆಲ್‌ಗೂ ಭಾವನವರ ಪ್ಯಾನೆಲ್‌ಗೂ ದೊಡ್ಡ ವ್ಯತ್ಯಾಸ ಇರಲ್ಲ. ಒಳ್ಳೆ ಬಿಸಿಲಿದ್ದರೆ 3 ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 12 ಯೂನಿಟ್ ಬರುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಕಥೆಯೇ ಬೇರೆ. ಎಷ್ಟೋ ದಿನ ಅದರ ಅರ್ಧವೂ ಸಿಗಲ್ಲ.

ಇದಕ್ಕೆ ಕಾರಣ ನಮ್ಮ ಘಟ್ಟ. ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟ ಹತ್ತುವಾಗಲೇ ಸುರಿದುಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ, ಚಳ್ಳಕೆರೆ, ಪಾವಗಡದ ಕಡೆ 600 ಆದರೆ ಹೆಚ್ಚು. ಆ ಒಣ ಬಯಲಿನಲ್ಲೇ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ ಹರಡಿಕೊಂಡಿದೆ. ರಾಜಸ್ಥಾನದ ಭಡ್ಲಾ ಸೋಲಾರ್ ಪಾರ್ಕಿನಲ್ಲೂ ಹೀಗೇ, ಮೋಡ ಕಡಿಮೆ, ಬಿಸಿಲು ಜಾಸ್ತಿ. ನೀರು ಇಳಿಸಿ ಹಗುರಾದ ಅದೇ ಮಳೆಗಾಳಿ ಮುಂದೆ ಹೋಗಿ ಚಿತ್ರದುರ್ಗದ ಬೋಳುಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುತ್ತದೆ. ತಮಿಳುನಾಡಿನ ಮುಪ್ಪಂದಲ್‌ನಲ್ಲಿ ಬೆಟ್ಟಗಳ ನಡುವಿನ ಕಿಂಡಿಯಲ್ಲಿ ನುಗ್ಗಿ ಇನ್ನೂ ಜೋರಾಗುತ್ತದೆ. ನಿಮ್ಮಲ್ಲಿ ಬೀಸುವುದು ಮರ, ಗುಡ್ಡಕ್ಕೆ ಬಡಿದು ಸುತ್ತುವ ಗಾಳಿ. ಯಂತ್ರಕ್ಕೆ ಬೇಕಿರುವುದು ಒಂದೇ ದಿಕ್ಕಿನಿಂದ ಸಮನಾಗಿ ಬರುವ ಗಾಳಿ. ಅದಕ್ಕಾಗಿ ಕಾಡು ಕಡಿದು ರಸ್ತೆ ಮಾಡುವುದನ್ನು ನಾನಂತೂ ಒಪ್ಪಲ್ಲ.

ಹಾಗಾದರೆ ನಮ್ಮ ಪಾಲಿಗೆ ಬಂದದ್ದು ಏನು? ಬೀಳುವ ನೀರು. ಲಿಂಗನಮಕ್ಕಿಯ ನೀರಿನಿಂದ ಓಡುವ ಶರಾವತಿ ವಿದ್ಯುದಾಗಾರ ಒಂದೇ 1,035 ಮೆಗಾವ್ಯಾಟಿನದು. ಅದಕ್ಕಾಗಿ ಮುಳುಗಿದ ಊರುಗಳ ನೋವು ಈಗಲೂ ಹಸಿಯಾಗಿಯೇ ಇದೆ. ಹಾಗಾಗಿ ನಾನು ಹೇಳುತ್ತಿರುವುದು ಅಣೆಕಟ್ಟಲ್ಲ, ನಿಮ್ಮ ತೋಟದ ಮೇಲಿನ ಹಳ್ಳಕ್ಕೆ ಒಂದು ಪೈಪು, ಕೆಳಗೆ ಒಂದು ಕಿರು ಟರ್ಬೈನ್. ತಿರುಗಿಸಿದ ನೀರು ಮತ್ತೆ ಹಳ್ಳಕ್ಕೇ ಸೇರುತ್ತದೆ.

ಲೆಕ್ಕ ನೋಡಿ. 10 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ಇಳಿದರೆ, ಪೈಪಿನಲ್ಲಿ, ಯಂತ್ರದಲ್ಲಿ ಅರ್ಧ ಕಳೆದರೂ ಸುಮಾರು 500 ವ್ಯಾಟ್ ಉಳಿಯುತ್ತದೆ. ಅದು ರಾತ್ರಿಯೂ ತಿರುಗುತ್ತದಲ್ವಾ? ದಿನಕ್ಕೆ 12 ಯೂನಿಟ್! ಭಾವನವರ ಛಾವಣಿಯ ಒಳ್ಳೆ ಬಿಸಿಲಿನ ದಿನದಷ್ಟೇ. ಅದೂ ನಿಮಗೆ ಸೂರ್ಯ ಕಾಣದ ಪುಷ್ಯ ಮಳೆಯ ದಿನಗಳಲ್ಲಿ.

ಸೋಲಾರ್ ಬೇಡ ಅನ್ನುತ್ತಿಲ್ಲ. 2 ಕಿಲೋವ್ಯಾಟ್ ಹಾಕಿಸಿ, ಮಳೆಗಾಲ ಹಳ್ಳಕ್ಕೆ ಬಿಡಿ. ಅಡಿಕೆ ಮರದ ನೆರಳು ಪ್ಯಾನೆಲ್ ಮೇಲೆ ಬೀಳದ ಜಾಗ ಹುಡುಕಿ. ಒಂದು ಪ್ಯಾನೆಲ್‌ಗೆ ನೆರಳಾದರೂ ಜೊತೆಗಿರುವವು ಸೊರಗಬಹುದು. ಮಳೆ ಬಿಟ್ಟ ಕೂಡಲೇ ಕೆಳಅಂಚಿನ ಪಾಚಿ ಒರೆಸಿ.

ಟರ್ಬೈನ್ ಕೊಳ್ಳುವ ಮೊದಲು ಹಳ್ಳವನ್ನು ಜುಲೈ, ಅಕ್ಟೋಬರ್, ಜನವರಿಯಲ್ಲಿ ಮೂರು ಸಲ ಅಳೆಯಿರಿ. ನೀರನ್ನೆಲ್ಲ ಅಡಿಕೆ ದಬ್ಬೆಗೆ (ಸೀಳಿದ ಅಡಿಕೆ ಮರದ ಕಾಲುವೆಗೆ) ತಿರುಗಿಸಿ, ಕೆಳಗೆ 200 ಲೀಟರಿನ ಡ್ರಮ್ ಇಡಿ. 20 ಸೆಕೆಂಡಿನಲ್ಲಿ ತುಂಬಿದರೆ ನಿಮ್ಮಲ್ಲಿ ಆ 10 ಲೀಟರ್ ಇದೆ.