ಎರೆಮಣ್ಣು ಮತ್ತು ಮನಿ ಪ್ಲಾಂಟ್

ಪ್ರಶ್ನೆ: ನಮ್ಮ ತೊಗರಿ ಹೊಲದ ಮಣ್ಣನ್ನೇ ಕುಂಡಕ್ಕೆ ತುಂಬಿ ಮನೆಯೊಳಗೆ ಮನಿ ಪ್ಲಾಂಟ್ ನೆಟ್ಟೆ. ದಿನವೂ ನೀರು ಹಾಕುತ್ತೇನೆ. ಎರಡು ಸಲವೂ ಬುಡ ಕೊಳೆಯಿತು. ಏಕೆ?
— ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು. ಬೀದರಿನ ತವರಿನಲ್ಲಿ ಕೆಂಪು ಮಣ್ಣಿನ ಕುಂಡದಲ್ಲಿ ಹಬ್ಬುತ್ತಿದ್ದ ಬಳ್ಳಿಯನ್ನು ಮದುವೆಯಾಗಿ ಕಲಬುರಗಿಗೆ ಬಂದಾಗ ತಂದಿದ್ದೆ. ಇಲ್ಲಿನ ಎರೆಮಣ್ಣಿನಲ್ಲಿ ಅದು ಒಂದೇ ತಿಂಗಳಲ್ಲಿ ಹೋಯಿತು, ಅತ್ತೇ ಬಿಟ್ಟೆ.

ಎರೆಮಣ್ಣು ತೊಗರಿಗೆ ಚಿನ್ನ. ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವ ಆ ಗುಣವೇ ಕುಂಡದಲ್ಲಿ ಕುತ್ತು. ನೆನೆದರೆ ಉಬ್ಬಿ ಅಂಟಾಗುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಒಣಗಿದರೆ ಬಿರಿದು ಎಳೆ ಬೇರುಗಳನ್ನು ಹರಿಯುತ್ತದೆ. ಆದ್ದರಿಂದ ಅದನ್ನು ಬಿಟ್ಟು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಹಿಡಿ ದಪ್ಪ ಮರಳು ಬೆರೆಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು.

ಉಳಿದ ಬಳ್ಳಿಯಲ್ಲಿ ಹಸಿರು ಗೆಣ್ಣು ಇದ್ದರೆ ಅದರ ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವಂತೆ ನೀರಿನಲ್ಲಿಡಿ. ಎರಡು ಮೂರು ವಾರಗಳಲ್ಲಿ ಬೇರು ಬರುತ್ತದೆ. ಎರಡು ಅಂಗುಲವಾದಾಗ ನೆಡಿ.

ದಿನವೂ ನೀರು ಬೇಡ. ಹೊರಗೆ 40 ಡಿಗ್ರಿ ದಾಟಿದ್ದರೂ ಕೂಲರ್ ಓಡುವ ಕೋಣೆಯಲ್ಲಿ ಮಣ್ಣು ಬೇಗ ಆರುವುದಿಲ್ಲ. ಬೆರಳನ್ನು ಒಂದು ಅಂಗುಲ ಒಳಗಿಟ್ಟು ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಈ ಸಲ ಚಿಗುರು ಬಂದರೆ ನನಗೊಂದು ಸಾಲು ಬರೆಯಿರಿ.